ಅಜ್ಜನ ಸಂಚಕಾರ, ಅಪ್ಪನ ಅಂಬಾಸಿಡರ್

ಹೋದ ತಿಂಗಳ ಫೆಸ್ಟ್‌ನಲ್ಲಿ ಮೇನ್ ಬ್ಲಾಕ್ ಮುಂದೆ ಹಳೆ ಕಾರುಗಳನ್ನು ನಿಲ್ಲಿಸಿದ್ದರಲ್ಲ, ನೆನಪಿದೆಯಾ? ಒಂದು ಅಂಬಾಸಿಡರ್, ಒಂದು ಪದ್ಮಿನಿ, ಒಂದು ಮಾರುತಿ 800. ಸೆಲ್ಫಿಗೆ ಕ್ಯೂ ನಿಂತವರಲ್ಲಿ ನಾನೂ ಒಬ್ಬ. ಅಂಬಾಸಿಡರ್ ಜೊತೆ ತೆಗೆದ ಫೋಟೊ ಮನೆಗೆ ಕಳಿಸಿದೆ. ಅದೇ ತಪ್ಪಾಯ್ತು. ಐದು ನಿಮಿಷಕ್ಕೆ ಅಪ್ಪನ ಫೋನು.

"ಅಣ್ಣಿಗೇರ್‍ಯಾಗ ಒಂದು ಅಂಬಾಸಿಡರ್ ಮಾರಾಕ ಇಟ್ಟಾರ. 94ರ ಡೀಸೆಲ್ ಗಾಡಿ. ಒಂದೂವರಿ ಲಕ್ಷ ಹೇಳಾಕತ್ತಾರ. ಕಡ್ಲಿ ರೊಕ್ಕ ಬಂತಂದ್ರ ತಗೊಂಡಬಿಡೂಣು."

ನಾನು ಬ್ಯಾಡ ಅಂದೆ. ಯಾಕೆ ಅಂತ ಫೋನಿನಲ್ಲಿ ಸರಿಯಾಗಿ ಹೇಳೋಕೆ ಆಗಲಿಲ್ಲ. ಅದಕ್ಕೇ ಇಲ್ಲಿ ಬರೀತಿದ್ದೀನಿ.

ನಮ್ಮ ಮನೆಯಲ್ಲಿ ಅಂಬಾಸಿಡರ್ ಅಂದ್ರೆ ಬರದೇ ಹೋದ ಕಾರು. ನಮ್ಮದು ಅಣ್ಣಿಗೇರಿ ಹತ್ತಿರದ ಹಳ್ಳಿ. ಈಗ ಅಣ್ಣಿಗೇರಿಯೇ ತಾಲೂಕು, ಆಗ ನವಲಗುಂದ ತಾಲೂಕಿನಲ್ಲಿತ್ತು. 1985ರಲ್ಲಿ ಹತ್ತಿ ಮಾರಿದ ಮೇಲೆ ಅಜ್ಜ ಹುಬ್ಬಳ್ಳಿಗೆ ಹೋಗಿ ಒಬ್ಬ ವ್ಯಾಪಾರಿಯ ಹಳೆ ಅಂಬಾಸಿಡರ್‌ಗೆ 2,000 ರೂಪಾಯಿ ಸಂಚಕಾರ ಕೊಟ್ಟು ಬಂದ. ಇಂಗ್ಲಿಷ್ ಮೀಡಿಯಂನವನಾದ ನನಗೆ "ಜೀವಕ್ಕೆ ಸಂಚಕಾರ" ಅಂತ ಪೇಪರಿನಲ್ಲಿ ಬರುವ ಸಂಚಕಾರ ಮಾತ್ರ ಗೊತ್ತಿತ್ತು. ವ್ಯವಹಾರ ಗಟ್ಟಿ ಮಾಡಲು ಕೊಡುವ ಮುಂಗಡಕ್ಕೂ ಅದೇ ಹೆಸರು ಅಂತ ಈ ಕಥೆಯಿಂದಲೇ ಕಲಿತೆ. ಕೊಳ್ಳುವವನು ಹಿಂದೆ ಸರಿದರೆ ಆ ದುಡ್ಡು ವಾಪಸ್ ಬರಲ್ಲ.

ಸೆಕೆಂಡ್ ಹ್ಯಾಂಡ್ ಕಾರಿಗೆ ಅಷ್ಟು ಸಂಭ್ರಮ ಯಾಕೆ ಅಂತ ಕೇಳಬಹುದು. ಅದು ಲೈಸೆನ್ಸ್ ರಾಜ್ ಕಾಲ. ಕಂಪನಿ ಎಷ್ಟು ಕಾರು ಮಾಡಬೇಕು ಅನ್ನೋದಕ್ಕೂ ಸರ್ಕಾರದ ಅನುಮತಿ ಬೇಕಿತ್ತು. ಹೊಸ ಕಾರು ಬುಕ್ ಮಾಡಿದವರು ವರ್ಷಗಟ್ಟಲೆ ಕಾಯುತ್ತಿದ್ದರು. 1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂದಿತ್ತು ನಿಜ, ಆದರೆ ಅದಕ್ಕೂ ಸರದಿ. ಹಾಗಾಗಿ ಕೈಗೆ ಸಿಕ್ಕ ಹಳೆ ಗಾಡಿಯೇ ದೊಡ್ಡದು. ಅಪ್ಪನಿಗೆ ಆಗ ಹನ್ನೊಂದು ವರ್ಷ. ಅಜ್ಜನ ಜೊತೆ ಹೋಗಿ ಹಿಂದಿನ ಸೀಟಿನಲ್ಲಿ ಕೂತು ಬಂದಿದ್ದ. ಅಜ್ಜ ದನದ ಕೊಟ್ಟಿಗೆ ಪಕ್ಕ ತಗಡಿನ ಶೆಡ್ ಕೂಡ ಹಾಕಿಸಿದ.

ಮುಂದೆ ಆಗಿದ್ದು ಇಷ್ಟು. ಮಳೆ ಕೈ ಕೊಟ್ಟಿತು. ಒಂದು ಎತ್ತು ಸತ್ತಿತು. ಅದೇ ಹೊತ್ತಿಗೆ ಅತ್ತಿಗೆ, ಅಂದ್ರೆ ಅಪ್ಪನ ಅಕ್ಕನಿಗೆ, ಧಾರವಾಡದಲ್ಲಿ ಟಿಸಿಎಚ್ ಸೀಟು ಸಿಕ್ಕಿತು. ಕಾರಿಗೆ ಇಟ್ಟಿದ್ದ ರೊಕ್ಕ ಎತ್ತಿಗೂ ಅತ್ತಿಯ ಫೀಸು, ಹಾಸ್ಟೆಲ್‌ಗೂ ಹೋಯ್ತು. ಸಂಚಕಾರ ಮುಳುಗಿತು. ಶೆಡ್ ಮಾತ್ರ ಉಳೀತು. ಇವತ್ತಿಗೂ ನಮ್ಮ ಆಯಿ "ಕಾರಿನ ಶೆಡ್‌ನಾಗಿನ ಕಣಿಕಿ ತಗೊಂಬಾ" ಅಂತಾಳೆ. ಅಲ್ಲಿ ಒಂದು ದಿನವೂ ಕಾರು ನಿಂತಿಲ್ಲ.

ಈಗ ನನ್ನ ವಾದಕ್ಕೆ ಬರ್ತೀನಿ. ಮೊದಲು ಎಂಜಿನಿಯರಿಂಗ್ ಲೆಕ್ಕ. ಅಂಬಾಸಿಡರ್ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3ರ ನಕಲು. 1958ರಿಂದ 2014ರವರೆಗೆ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾಯ್ತು, ಮೂಲ ವಿನ್ಯಾಸ ಹೆಚ್ಚು ಬದಲಾಗಲೇ ಇಲ್ಲ. "ಹಳೆ ಗಾಡಿ ಗಟ್ಟಿ" ಅನ್ನೋರಿಗೆ ಒಂದು ಮಾತು. ಡಿಕ್ಕಿಯಾದಾಗ ಗಾಡಿಯ ಮುಂಭಾಗ ನಜ್ಜುಗುಜ್ಜಾಗಬೇಕು, ಆ ಪೆಟ್ಟನ್ನು ಅದು ನುಂಗಬೇಕು. ಬಾಡಿ ಗಟ್ಟಿ ಇದ್ದರೆ ಪೆಟ್ಟು ಒಳಗೆ ಕೂತವರಿಗೆ ಬೀಳುತ್ತದೆ. ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. ಹುಬ್ಬಳ್ಳಿ-ಗದಗ ರಸ್ತೆಯಲ್ಲಿ ಈಗ ಲಾರಿಗಳು ಓಡುವ ಸ್ಪೀಡ್ ನೋಡಿದರೆ ನಮ್ಮ ಅಪ್ಪನನ್ನು ಅದರಲ್ಲಿ ಕೂರಿಸೋಕೆ ನನಗೆ ಧೈರ್ಯ ಇಲ್ಲ.

ಆಮೇಲೆ ಕಾಗದಪತ್ರ. ಖಾಸಗಿ ಕಾರಿಗೆ 15 ವರ್ಷ ಆದ ಮೇಲೆ ಪ್ರತಿ 5 ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯ್ತು. 20 ವರ್ಷ ದಾಟಿದ ಕಾರಿಗೆ 2025ರಲ್ಲಿ 10,000 ಮಾಡಿದರು. 50 ವರ್ಷ ದಾಟಿದ್ದರೆ ವಿಂಟೇಜ್ ಅಂತ ಬೇರೆ ನೋಂದಣಿ ಉಂಟು, 2021ರ ನಿಯಮ. 94ರ ಗಾಡಿ ಎರಡರ ನಡುವೆ ಸಿಕ್ಕಿಬಿದ್ದಿದೆ. ಗೌರವ ಸಿಗುವಷ್ಟು ಹಳೇದಲ್ಲ, ಬಿಟ್ಟುಬಿಡುವಷ್ಟು ಹೊಸದೂ ಅಲ್ಲ.

ಆದರೆ ಇವು ನೆಪ. ನಿಜವಾದ ಕಾರಣ ಬೇರೆ. ಅಪ್ಪನ ಫೋನಿನ ಮರುದಿನ ಅತ್ತಿ ಫೋನ್ ಮಾಡಿದ್ದಳು. "ನನ್ನ ಸಲುವಾಗಿ ಅವತ್ತ ಕಾರ್ ಹೋತು. ಅರ್ಧ ರೊಕ್ಕ ನಾ ಕೊಡ್ತೀನಿ, ನಿಮ್ಮಪ್ಪ ತಗೊಳ್ಳಿ ಬಿಡು" ಅಂದಳು. ಮೂವತ್ತೈದು ವರ್ಷಕ್ಕೂ ಹೆಚ್ಚು ಕಾಲ ಹಳ್ಳಿ ಸಾಲಿಗಳಲ್ಲಿ ಮಕ್ಕಳಿಗೆ ಅಕ್ಷರ ಕಲಿಸಿದ ಹೆಂಗಸು, ಒಂದು ಹಳೆ ಕಾರಿನ ಸಾಲ ತನ್ನ ತಲೆ ಮೇಲಿದೆ ಅಂದ್ಕೊಂಡಿದ್ದಾಳೆ! ನನಗೆ ಸಿಟ್ಟು ಬಂದಿದ್ದು ಇಲ್ಲೇ. ನಾವು ಹಳೆ ಕಾರುಗಳನ್ನು ನೆನೆಯುವ ರೀತಿಯಲ್ಲೇ ಏನೋ ತಪ್ಪಿದೆ. "ಛೇ, ತಗೊಳ್ಳಬೇಕಿತ್ತು" ಅಂತ ಎಲ್ಲರೂ ಹೇಳ್ತಾರೆ. ತಗೊಳ್ಳದೆ ಉಳಿದ ರೊಕ್ಕ ಏನಾಯ್ತು ಅಂತ ಯಾರೂ ಹೇಳಲ್ಲ. ಅಪ್ಪ ಊರಲ್ಲಿ ಆ ಅಂಬಾಸಿಡರ್ ಕಥೆಯನ್ನು ನೂರು ಸಲ ಹೇಳಿದ್ದಾನೆ. ಅತ್ತಿಯ ಟಿಸಿಎಚ್ ಕಥೆ ಒಂದು ಸಲವೂ ಹೇಳಿದ್ದು ನಾ ಕೇಳಿಲ್ಲ.

2017ರಲ್ಲಿ ಅಂಬಾಸಿಡರ್ ಅನ್ನೋ ಹೆಸರನ್ನು ಫ್ರಾನ್ಸಿನ ಪೂಜೋ ಕಂಪನಿಗೆ 80 ಕೋಟಿಗೆ ಮಾರಿದರು. ಕಾರು ನಿಂತುಹೋಗಿ ಮೂರು ವರ್ಷ ಆಗಿತ್ತು, ಬರೀ ಹೆಸರಿಗೇ ಅಷ್ಟು. ನೆನಪಿಗೆ ಬೆಲೆ ಇದೆ ಅಂತ ನಾನೂ ಒಪ್ತೀನಿ. ಆದರೆ ಆ ಬೆಲೆಯನ್ನು ಯಾರು ಕೊಡ್ತಾರೆ ಅಂತಲೂ ನೋಡಬೇಕು. ನನ್ನ ತಂಗಿ ಈಗ ಸೆಕೆಂಡ್ ಪಿಯು. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಬಿಎಸ್ಸಿ ಮಾಡೋ ಆಸೆ ಅವಳಿಗೆ. ನನ್ನ ಫೀಸೂ ಅವಳ ಫೀಸೂ ಹುಟ್ಟಬೇಕಾದ್ದು ಅದೇ ಎರಿ ಹೊಲದಲ್ಲಿ. ಈಗ ಅಂಬಾಸಿಡರ್ ತಗೊಂಡರೆ, 1985ರಲ್ಲಿ ಅಜ್ಜ ಸರಿಯಾಗಿ ಮಾಡಿದ ಲೆಕ್ಕವನ್ನು ನಾವು ಅಳಿಸಿ ತಪ್ಪು ಬರೆದ ಹಾಗೆ. ಅಂದಹಾಗೆ, ಅಪ್ಪನಿಗೆ ಕಾರು ಬ್ಯಾಡ ಅನ್ನೋ ಮಗ ತನಗೆ ಬೈಕು ಕೇಳಬಾರದು. ಕೇಳಿದ್ದೆ. ವಾಪಸ್ ತಗೊಂಡಿದ್ದೀನಿ.

ಪೂರ್ತಿ ಕಲ್ಲೇನೂ ಅಲ್ಲ ನಾನು. ಆ ಗಾಡಿಯ ಮಾಲೀಕರನ್ನು ಹೋಗಿ ಕೇಳಿದೆ. "ಒಂದಿನ ಡೀಸೆಲ್ ಹಾಕ್ಸಿ ಓಡಿಸ್ಕೊಂಡ್ ಬಾರಪಾ, ಅದಕ್ಕೇನಂತ" ಅಂದರು. ರಜೆಯಲ್ಲಿ ಅಪ್ಪ ನಿಧಾನಕ್ಕೆ ಓಡಿಸಲಿ, ಹಿಂದಿನ ಸೀಟಿನಲ್ಲಿ ಆಯಿ, ಅತ್ತಿ. ರಾತ್ರಿ ಗಾಡಿ ನಮ್ಮ ಶೆಡ್‌ನಲ್ಲೇ ನಿಲ್ಲಲಿ. ಕಣಿಕಿ ತೆಗೆದು ಜಾಗ ಮಾಡೋ ಕೆಲಸ ನಂದು. ಬೆಳಿಗ್ಗೆ ವಾಪಸ್ ಕೊಟ್ಟು ಬರೋಣ. ಅಪ್ಪ ಇನ್ನೂ "ನೋಡೂಣು" ಅಂತಿದ್ದಾನೆ.

ನೀವೂ ರಜೆಗೆ ಕುಂದಗೋಳಕ್ಕೋ ಕಲಘಟಗಿಗೋ ನಿಮ್ಮ ನಿಮ್ಮ ಊರಿಗೋ ಹೋದಾಗ ಮನೆಯಲ್ಲಿ ಕೇಳಿ. ಯಾವ ಗಾಡಿ ತಗೊಳ್ಳಬೇಕು ಅಂತಿದ್ದಿರಿ? ಆ ರೊಕ್ಕ ಎಲ್ಲಿಗೆ ಹೋಯ್ತು? ಉತ್ತರ ಕೇಳುವಾಗ ಸುತ್ತ ಒಮ್ಮೆ ನೋಡಿ. ಆ ರೊಕ್ಕದಲ್ಲಿ ಓದಿದವರು ಅಲ್ಲೇ ಎಲ್ಲೋ ಕೂತಿರ್ತಾರೆ.