ಮನೆ ನೋಡುವಾಗ ಬೀದಿಯನ್ನೂ ನೋಡಿ

ಮನೆ ಹುಡುಕುವಾಗ ನಾವು ಏನೇನು ನೋಡ್ತೀವಿ ಹೇಳಿ? ನೀರು, ಗಾಳಿ-ಬೆಳಕು, ಅಡುಗೆಮನೆ. ಹೊಸ್ತಿಲು ದಾಟಿದ ಮೇಲೆ ನೆಮ್ಮದಿಯಾಗಿ ನಡೆಯಲು ಜಾಗ ಇದೆಯೇ ಅಂತ ಎಷ್ಟು ಜನ ನೋಡ್ತೀವಿ?

ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿಗಳನ್ನು 1890ರ ದಶಕದಲ್ಲಿ ಯೋಜನೆ ಹಾಕಿ ಕಟ್ಟಿದರು. ನೇರವಾದ ಮೇನ್ ರಸ್ತೆಗಳು, ಅವಕ್ಕೆ ಅಡ್ಡಲಾಗಿ ಸಾಲುಸಾಲು ಕ್ರಾಸ್‌ಗಳು. ಹಾಗಾಗಿ ಹೆಚ್ಚು ಸುತ್ತಿ ಬಳಸದೆ ಮಾರುಕಟ್ಟೆಗೋ ದೇವಸ್ಥಾನಕ್ಕೋ ಹೋಗಬಹುದು. ಸೊಪ್ಪು ತರಲು ಹೊರಟರೆ ವ್ಯಾಯಾಮವೂ ತಾನಾಗಿ ಆಗುತ್ತೆ!

ಈಗಿನ ಎಷ್ಟೋ ಬಡಾವಣೆಗಳಲ್ಲಿ ಸುತ್ತ ಕಾಂಪೌಂಡು, ಒಂದೇ ಗೇಟು. ಹಿಂದಿನ ಬೀದಿಯ ಅಂಗಡಿ ಕಣ್ಣಿಗೆ ಕಂಡರೂ ದೂರ ಸುತ್ತಿ ಹೋಗಬೇಕು. ಒಂದು ಕಟ್ಟು ಕೊತ್ತಂಬರಿಗೂ ಸ್ಕೂಟರ್ ಬೇಕು. ಗಾಡಿ ಓಡಿಸಲಾಗದ ಅತ್ತೆಯವರಿಗೆ ಮನೆಯೇ ಗತಿ.

ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾದ ನಡಿಗೆಯಂಥ ಚಟುವಟಿಕೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಅಂದರೆ ದಿನಕ್ಕೆ ಸುಮಾರು 22 ನಿಮಿಷ. ಹತ್ತಿರದ ಅಂಗಡಿಗೆ ಬಿರಬಿರನೆ ಹೋಗಿಬಂದರೆ ಬಹುಪಾಲು ಮುಗಿದ ಹಾಗೆಯೇ.

ಆದ್ದರಿಂದ ಅಡ್ವಾನ್ಸ್ ಕೊಡುವ ಮೊದಲು ಒಂದು ಸಂಜೆ ಆ ಬೀದೀಲಿ ನಡೆದು ನೋಡಿ. ಹಾಲಿನ ಬೂತು, ಬಸ್‌ಸ್ಟಾಪು ಹತ್ತು ನಿಮಿಷದ ದಾರಿಯೇ? ಬೀದಿದೀಪ ಉರಿಯುತ್ತವೆಯೇ? ಫುಟ್‌ಪಾತು ನಡೆಯುವವರಿಗಿದೆಯೋ, ಗಾಡಿ ನಿಲ್ಲಿಸಲಿಕ್ಕೋ?

ಈಗಾಗಲೇ ಅಂಥ ಕಡೆ ಮನೆ ಮಾಡಿದ್ದೀರಾ? ನಾಲ್ಕು ಜನ ಹೆಂಗಸರು ಒಟ್ಟಿಗೆ ಹೋಗಿ, ಹಿಂದಿನ ಗೋಡೆಗೊಂದು ಪುಟ್ಟ ಗೇಟು ಇಡಿಸಿ ಎಂದು ಸಂಘದವರನ್ನು ಕೇಳಿ. ಅಷ್ಟಾದರೆ ಪೂಜೆಯ ಹೂವನ್ನು ಅತ್ತೆಯವರೇ ಹೋಗಿ ಆರಿಸಿ ತಂದಾರು.