ಪ್ಲೀಹವೃದ್ಧಿ: ಕಷಾಯಕ್ಕೆ ಮುನ್ನ ರಕ್ತಪರೀಕ್ಷೆ

ಎಡಪಕ್ಕೆಯ ಕೆಳಗೆ ಭಾರ, ಎರಡು ತುತ್ತಿಗೇ ಹೊಟ್ಟೆ ತುಂಬಿದ ಭಾವ, ತೀರದ ನಿಶ್ಶಕ್ತಿ. ಹೀಗೆಂದು ಬರುವ ಸದ್ಭಕ್ತರು ನಮ್ಮಿಂದ ಕಷಾಯವನ್ನಷ್ಟೇ ಬಯಸುತ್ತಾರೆ. ಚರಕ ಸಂಹಿತೆಯು ಪ್ಲೀಹೋದರವನ್ನು ವರ್ಣಿಸಿದೆ, ನಿಜ. ಆದರೆ ಪ್ಲೀಹವು ಬೆಳೆದ ಕಾರಣವನ್ನು ನಾಡಿಯೊಂದೇ ತಿಳಿಸಲಾರದು.

ದೀರ್ಘಕಾಲಿಕ ಮೈಲಾಯ್ಡ್ ರಕ್ತಕ್ಯಾನ್ಸರ್ ಅಂತಹ ಒಂದು ಕಾರಣ. ಅದರಲ್ಲಿ ಸಾಮಾನ್ಯವಾಗಿ ಬಿಳಿ ರಕ್ತಕಣಗಳು ವಿಪರೀತ ಹೆಚ್ಚುತ್ತವೆ. ಅಪರೂಪಕ್ಕೆ ಅವು ಅಷ್ಟಾಗಿ ಏರದೆ ಪ್ಲೇಟ್‌ಲೆಟ್‌ಗಳೇ ಹತ್ತು ಲಕ್ಷ ಮೀರುತ್ತವೆ, ಪ್ಲೀಹವೂ ಬೆಳೆದಿರುವುದಿಲ್ಲ. ಆಗ ಬೇರೊಂದು ರೋಗವೆಂದು ಭ್ರಮಿಸುವುದುಂಟು. ಈ ಸಂಶಯವನ್ನು ನೀಗಿಸುವುದು ಬಿಸಿಆರ್-ಎಬಿಎಲ್ ವಂಶವಾಹಿ ಪರೀಕ್ಷೆ. ಅದಕ್ಕೆ ತೋಳಿನ ರಕ್ತವೇ ಸಾಕು. 9 ಮತ್ತು 22ನೆಯ ವರ್ಣತಂತುಗಳ ತುಣುಕುಗಳು ಸ್ಥಾನ ಬದಲಿಸಿದಾಗ ಈ ದೋಷಯುಕ್ತ ವಂಶವಾಹಿ ಉಂಟಾಗುತ್ತದೆ. ಇದು ಹೆತ್ತವರಿಂದ ಬಂದುದಲ್ಲ, ಮಕ್ಕಳಿಗೆ ಹೋಗುವುದೂ ಇಲ್ಲ. ಆ ಮನೆಯೊಡನೆ ಸಂಬಂಧ ಬೆಳೆಸಲು ಅಂಜಬೇಕಿಲ್ಲ.

2001ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆದ ಇಮ್ಯಾಟಿನಿಬ್ ಮಾತ್ರೆಯು ಈ ರೋಗದ ಗತಿಯನ್ನೇ ಬದಲಿಸಿತು. ಅದನ್ನು ತಪ್ಪದೆ ಸೇವಿಸುವ ಬಹುತೇಕರು ದೀರ್ಘಕಾಲ ಬಾಳುತ್ತಾರೆ. ಅದನ್ನು ಬಿಡಿಸಿ ಕಷಾಯ ಕುಡಿಸುವ ವೈದ್ಯನು ರೋಗಿಗೂ ಆಯುರ್ವೇದಕ್ಕೂ ಅಪಚಾರವೆಸಗುತ್ತಾನೆ. ರಕ್ತರೋಗ ತಜ್ಞರನ್ನು ಕೇಳದೆ ಯಾವ ಮೂಲಿಕೆಯನ್ನೂ ಅದರೊಡನೆ ಸೇರಿಸಬಾರದು. ಪರೀಕ್ಷೆ ಮೊದಲು, ಔಷಧ ಅನಂತರ ಎಂಬುದು ನಮ್ಮ ಶಾಸ್ತ್ರದ್ದೇ ಕ್ರಮವಲ್ಲವೇ?