ಹೊಸ ಆವೃತ್ತಿಗೊಂದು ನಿಶ್ಚಿತ ತಿಂಗಳು
ಮುಕ್ತ ತಂತ್ರಾಂಶದ ಕೋಡ್ ಎಲ್ಲರಿಗೂ ಸಿಕ್ಕರೆ ಸಾಲದು. ಕೆಲಸದ ವೇಳಾಪಟ್ಟಿ, ನಿಯಮಗಳೂ ಗೊತ್ತಿರಬೇಕು. ಪೈಥಾನ್ ಭಾಷೆಯ ಆವೃತ್ತಿಗಳ ನಡುವೆ ಮೊದಲು ಸುಮಾರು 18 ತಿಂಗಳ ಅಂತರವಿತ್ತು. 2019ರಲ್ಲಿ ಒಪ್ಪಿದ ಯೋಜನೆಯಂತೆ ಈಗ ಪ್ರತಿ ಅಕ್ಟೋಬರ್‌ಗೆ ಹೊಸ ಆವೃತ್ತಿ; ಮೇ ತಿಂಗಳ ಬೀಟಾ (ಪರೀಕ್ಷಾ ಆವೃತ್ತಿ) ಬಂದ ಮೇಲೆ ಹೊಸ ಸೌಲಭ್ಯ ಸೇರಿಸುವಂತಿಲ್ಲ, ದೋಷ ತಿದ್ದಬಹುದಷ್ಟೆ. ಇಂಥ ಕೆಲಸಕ್ಕೆ ಕೈಜೋಡಿಸಬಯಸುವ, ಮುರುಗಮಲ್ಲದಿಂದ ಚಿಂತಾಮಣಿಯ ಕಾಲೇಜಿಗೆ ಹೋಗಿಬರುವ ವಿದ್ಯಾರ್ಥಿನಿಗೆ ಬೆಂಗಳೂರಿನ ಕಂಪನಿಗಳವರ ಪರಿಚಯಬಲವಿಲ್ಲ. ಯಾವಾಗ ಏನನ್ನು ತಿದ್ದಬಹುದು, ತಿದ್ದುಪಡಿಯ ಜೊತೆ ಏನೇನು ಕೊಡಬೇಕು ಎಂಬುದನ್ನು ಬರೆದಿಟ್ಟ ಮಾರ್ಗಸೂಚಿಯೇ ಅವಳಿಗೆ ಹೇಳಬೇಕು.

ದಿನಾಂಕದ ಒತ್ತಡಕ್ಕೆ ಅರೆಬೆಂದ ಸೌಲಭ್ಯಗಳು ನುಸುಳುತ್ತವೆ ಎಂಬ ಆಕ್ಷೇಪವಿದೆ. ನಾನು ಒಪ್ಪಲಾರೆ. ಮುಂದಿನ ಅವಕಾಶ ಯಾವಾಗಲೋ ಎಂಬ ಆತಂಕವಿದ್ದಾಗಲೇ ಜನ ಆತುರಪಡುವುದು; ವರ್ಷದೊಳಗೆ ಮತ್ತೊಂದು ಬಿಡುಗಡೆ ಖಚಿತವಿದ್ದರೆ ಕಾಯುತ್ತಾರೆ. ಕನ್ನಡದ ತಂತ್ರಾಂಶ ಯೋಜನೆಗಳೂ ಇಂಥ ವೇಳಾಪಟ್ಟಿಯನ್ನು ಕನ್ನಡದಲ್ಲೇ ಪ್ರಕಟಿಸಲಿ.